ಮೆಟಾ ಮೋಡ್: ಹಂಚು ಕೈಯಾಡಿಸಿದ ಹಾಗೆ ಫ್ರೀಬಿಎಸ್‌ಡಿ ಕಟ್ಟುವುದು

ಮೇ ತಿಂಗಳು ಬಂತೆಂದರೆ ಸಾಗರದ ನಮ್ಮ ಮನೆಯಲ್ಲಿ ಹಂಚು ಕೈಯಾಡಿಸುವ ಕೆಲಸ. ಇಡೀ ಮಾಡು ಬಿಚ್ಚಿ ಹೊಸದಾಗಿ ಹೊದೆಸುವುದಿಲ್ಲ. ಕೆಲಸದವರು ಮೇಲೆ ಹತ್ತುತ್ತಾರೆ, ಒಡೆದ ಹಂಚು ತೆಗೆದು ಬೇರೆಯದು ಸಿಕ್ಕಿಸುತ್ತಾರೆ, ಸರಿದದ್ದನ್ನು ಕೂರಿಸುತ್ತಾರೆ, ಸಂಜೆಯೊಳಗೆ ಇಳಿಯುತ್ತಾರೆ. ಅದೇ ಮನೆಯ ಜಗಲಿಯಲ್ಲಿ ಕೂತು ನಾನು ವರ್ಷಗಟ್ಟಲೆ ಮಾಡುತ್ತಿದ್ದದ್ದು ಮಾತ್ರ ಬೇರೆ. ಫ್ರೀಬಿಎಸ್‌ಡಿಯ ಒಂದು ಫೈಲ್ ಬದಲಾದರೂ ಇಡೀ ಆಪರೇಟಿಂಗ್ ಸಿಸ್ಟಮ್ಮನ್ನು ಮೊದಲಿಂದ ಕಂಪೈಲ್ ಮಾಡುತ್ತಿದ್ದೆ, ಅಂದರೆ ಮನುಷ್ಯರು ಬರೆದ ಸೋರ್ಸ್‌ನಿಂದ ಯಂತ್ರ ಓಡಿಸುವ ಪ್ರೋಗ್ರಾಮ್‌ಗಳನ್ನು ಕಟ್ಟುತ್ತಿದ್ದೆ. ಒಂದು ಹಂಚು ಒಡೆದಿದ್ದಕ್ಕೆ ಇಡೀ ಮಾಡು ಇಳಿಸಿದ ಹಾಗೆ.

ಆ ಹುಚ್ಚು ಬಿಡಿಸಿದ್ದು ಮೆಟಾ ಮೋಡ್. ಇದು ಅಂಗಡಿಯಲ್ಲಿ ಸಿಗುವ ಸಾಮಾನಲ್ಲ. ಫ್ರೀಬಿಎಸ್‌ಡಿಯ ಸೋರ್ಸ್ ಜೊತೆಗೇ ಬರುವ ಒಂದು ಸೌಲಭ್ಯ, 11ನೇ ಆವೃತ್ತಿಯಿಂದ ಇದೆ. ಬೆಲೆ ಇಲ್ಲ. ಆದರೆ ಬೆಲೆ ಇಲ್ಲದ್ದಕ್ಕೂ ಒಂದು ವಿಮರ್ಶೆ ಬೇಕು, ಯಾಕೆಂದರೆ ಇದು ನನ್ನ ಎಷ್ಟೋ ರಾತ್ರಿ ಉಳಿಸಿದೆ, ಒಂದು ಸಲ ಮರ್ಯಾದೆಯನ್ನೂ ತೆಗೆದಿದೆ.

ಮೊದಲು ನನ್ನ ಕಥೆ ಸ್ವಲ್ಪ. ನಾನು ಊರಲ್ಲೇ ಇದ್ದುಕೊಂಡು ಐದಾರು ಕಡೆ ಸಣ್ಣ ಸರ್ವರ್‌ಗಳನ್ನು ನೋಡಿಕೊಳ್ಳುತ್ತೇನೆ. ಒಂದು ಅಡಿಕೆ ಮಂಡಿ, ಒಂದು ಕ್ಲಿನಿಕ್, ಎರಡು ಅಂಗಡಿ, ಹೀಗೆ. ಎಲ್ಲ ಕಡೆ ಫ್ರೀಬಿಎಸ್‌ಡಿ, ಝಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್ ಮೇಲೆ ಫೈಲ್‌ಗಳು. "ಸುಮ್ನೆ ಫ್ರೀಬಿಎಸ್‌ಡಿ-ಅಪ್‌ಡೇಟ್ ಓಡಿಸಿದರೆ ಆಗಲ್ವಾ, ರೆಡಿ ಬೈನರಿ ಬರುತ್ತಲ್ಲ" ಎಂದು ನೀವು ಕೇಳಬಹುದು. ನಿಜ, ನೂರಕ್ಕೆ ತೊಂಬತ್ತು ಜನ ಅದನ್ನೇ ಮಾಡಬೇಕು. ನನ್ನ ತೊಂದರೆ ಮಂಡಿಯ ತಕ್ಕಡಿ. ಆ ಎಲೆಕ್ಟ್ರಾನಿಕ್ ತಕ್ಕಡಿಯ ಯುಎಸ್‌ಬಿ ಕೇಬಲ್ ಒಳಗಿರುವ ಚಿಪ್ ಮಾಮೂಲಿಯದೇ, ಆದರೆ ಮಾಡಿದವರು ಅದಕ್ಕೆ ತಮ್ಮದೇ ನಂಬರ್ ಕೊಟ್ಟಿದ್ದಾರೆ. ಸಿಸ್ಟಮ್ಮಿನ ತಿರುಳಾದ ಕರ್ನಲ್‌ನ ಪಟ್ಟಿಯಲ್ಲಿ ಆ ನಂಬರ್ ಇಲ್ಲ. ಹಾಗಾಗಿ ಯುಎಸ್‌ಬಿಡೆವ್ಸ್ ಎಂಬ ಫೈಲ್‌ನಲ್ಲಿ ಒಂದು ಸಾಲು, ಡ್ರೈವರ್‌ನಲ್ಲಿ ಒಂದು ಸಾಲು ನಾನೇ ಸೇರಿಸಬೇಕು. ಎರಡು ಸಾಲು. ಅಷ್ಟಕ್ಕಾಗಿ ನಾನು ಸೋರ್ಸ್ ಹಿಡಿದುಕೊಂಡು ಕೂತಿದ್ದೇನೆ. ಒಮ್ಮೆ ಕೂತ ಮೇಲೆ ಬ್ಲೂಟೂತ್, ಸೆಂಡ್‌ಮೇಲ್‌ನಂಥ ಬೇಡದ್ದನ್ನೂ ತೆಗೆದು ಹಗುರ ಮಾಡುವ ಚಟ ಹತ್ತಿತು, ಅದು ಬೇರೆ ಮಾತು.

ಕಟ್ಟುವ ಯಂತ್ರ ಹಳೇ ಥಿಂಕ್‌ಪ್ಯಾಡ್ ಟಿ430. ಎರಡು ಕೋರ್, 8 ಜಿಬಿ ರ್‍ಯಾಮ್, ಸೆಕೆಂಡ್ ಹ್ಯಾಂಡ್. ಇದರಲ್ಲಿ ಪೂರ್ತಿ ಬಿಲ್ಡ್‌ವರ್ಲ್ಡ್ (ಕರ್ನಲ್ ಬಿಟ್ಟು ಉಳಿದದ್ದೆಲ್ಲ ಕಟ್ಟುವುದು) ಎಂದರೆ ಐದೂವರೆ ಗಂಟೆ, ಸೆಖೆ ಜಾಸ್ತಿ ಇದ್ದರೆ ಆರು. ಅದರಲ್ಲಿ ಬಹುಪಾಲು ಸಮಯ ನುಂಗುವುದು ಕ್ಲಾಂಗ್ ಎಂಬ ಕಂಪೈಲರ್ ಮತ್ತು ಅದರ ಎಲ್‌ಎಲ್‌ವಿಎಂ ಬಳಗ. ಆಪರೇಟಿಂಗ್ ಸಿಸ್ಟಮ್ ಕಟ್ಟಲು ಬೇಕಾದ ಕಂಪೈಲರ್ ಕೂಡ ಆ ಸಿಸ್ಟಮ್ಮಿನದೇ ಭಾಗ, ಅದನ್ನೂ ಕಟ್ಟಬೇಕು. ಅಡುಗೆಗೆ ಮೊದಲು ಪಾತ್ರೆಯನ್ನೂ ನಾವೇ ಎರೆದುಕೊಂಡ ಹಾಗೆ. ಮಧ್ಯರಾತ್ರಿ ಫ್ಯಾನ್ ಜೋರಾಗಿ ಕಿರುಚುತ್ತಿದ್ದರೆ ಅಮ್ಮ ಒಳಗಿಂದ ಕೂಗುತ್ತಿದ್ದಳು, "ಏನೋ ಅದು, ಮಿಕ್ಸಿ ಹಾಕಿಟ್ಟು ಮರೆತ್ಯಾ?" ಮಳೆಗಾಲದಲ್ಲಂತೂ ಐದೂವರೆ ಗಂಟೆ ಒಂದೇ ಸಮನೆ ಕರೆಂಟ್ ಇರುವುದು ಕನಸಿನ ಮಾತು.

ಮೆಟಾ ಮೋಡ್ ಹಾಕಿದ ಮೇಲೆ ಲೆಕ್ಕ ಹೇಗಿದೆ ಹೇಳುತ್ತೇನೆ. ಮೊದಲ ಸಲ ಅದೇ ಐದೂವರೆ ಗಂಟೆ, ಸ್ವಲ್ಪ ಜಾಸ್ತಿಯೇ. ಎರಡನೇ ಸಲ ಏನೂ ಬದಲಾಗಿಲ್ಲದಿದ್ದರೆ ಹನ್ನೆರಡು ನಿಮಿಷ. ಆ ಹನ್ನೆರಡು ನಿಮಿಷ ಅದು ಸೋರ್ಸ್ ಎಂಬ ಮರದ ಕೊಂಬೆ ಕೊಂಬೆಗೂ ಹೋಗಿ "ಇಲ್ಲಿ ಏನಾದರೂ ಬದಲಾಗಿದೆಯಾ" ಎಂದು ನೋಡಿಕೊಂಡು ಬರುವುದಕ್ಕೆ. ಒಂದು ಸಣ್ಣ ಪ್ಯಾಚ್ ಬಂದಿದ್ದರೆ ಹದಿನೈದು. ನಾನು ಚಹಾ ಕುಡಿದು ಬರುವಷ್ಟರಲ್ಲಿ ಮುಗಿದಿರುತ್ತದೆ.

"ಬದಲಾದದ್ದನ್ನು ಮಾತ್ರ ಕಟ್ಟುವುದು, ಈ ಕಟ್ಟುವ ಕೆಲಸ ನಡೆಸುವ ಮೇಕ್ ಪ್ರೋಗ್ರಾಮ್‌ನ ಹುಟ್ಟುಗುಣ ಅಲ್ವಾ, ಇದರಲ್ಲಿ ಹೊಸದೇನು" ಎಂದರೆ ಅದೂ ಸರಿಯೇ. 1976ರಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟುವರ್ಟ್ ಫೆಲ್ಡ್‌ಮನ್ ಮೇಕ್ ಬರೆದದ್ದೇ ಇದಕ್ಕೆ. ಅವರ ಸಹೋದ್ಯೋಗಿಯೊಬ್ಬರು ಸರಿಯಾಗಿಯೇ ಇದ್ದ ಪ್ರೋಗ್ರಾಮ್‌ನಲ್ಲಿ ತಪ್ಪು ಹುಡುಕುತ್ತ ಬೆಳಗೆಲ್ಲ ಕಳೆದಿದ್ದರು. ತಪ್ಪು ತಿದ್ದಿ ಆಗಿತ್ತು, ತಿದ್ದಿದ ಫೈಲನ್ನು ಕಂಪೈಲ್ ಮಾಡಲು ಮರೆತಿದ್ದರು, ಅಷ್ಟೇ. ಆದರೆ ಮೇಕ್‌ಗೆ ಗೊತ್ತಿರುವುದು ಫೈಲ್‌ನ ತಾರೀಖು, ಮತ್ತೆ ನಾವು ಬರೆದುಕೊಟ್ಟ ಅವಲಂಬನೆಗಳು ಮಾತ್ರ. ಬರೆಯಲು ಮರೆತದ್ದು ಅದಕ್ಕೆ ಗೊತ್ತಿಲ್ಲ. ಕಂಪೈಲ್ ಮಾಡುವ ಆಜ್ಞೆಯಲ್ಲಿ ಒಂದು ಫ್ಲ್ಯಾಗ್ ಬದಲಾಗಿದ್ದರೂ ಗೊತ್ತಿಲ್ಲ. ಅದಕ್ಕೇ ಹಳೇ ತಲೆಮಾರಿನವರು ನೋ ಕ್ಲೀನ್ (ಹಿಂದೆ ಕಟ್ಟಿದ್ದನ್ನು ಅಳಿಸದೆ ಮುಂದುವರಿ) ಎಂಬ ಆಯ್ಕೆ ಇದ್ದರೂ ನಂಬುತ್ತಿರಲಿಲ್ಲ. ಏನಾದರೂ ಎಡವಟ್ಟಾಯಿತೆಂದು ಕೇಳಿದರೆ ಮೊದಲ ಉತ್ತರ, "ಯುಎಸ್‌ಆರ್ ಒಳಗಿನ ಆಬ್ಜ್ (ಕಟ್ಟಿದ ಫೈಲ್‌ಗಳ ಡೈರೆಕ್ಟರಿ) ಅಳಿಸಿ ಮೊದಲಿಂದ ಕಟ್ಟು." ನಾನೂ ಎಷ್ಟೋ ಜನಕ್ಕೆ ಅದನ್ನೇ ಹೇಳಿದ್ದೇನೆ.

ಮೆಟಾ ಮೋಡ್ ಮಾಡುವುದು ಇದು. ಕಂಪೈಲ್ ಆಗಿ ಬಂದ ಪ್ರತಿಯೊಂದು ಆಬ್ಜೆಕ್ಟ್ ಫೈಲ್‌ನ ಪಕ್ಕದಲ್ಲಿ ಅದೇ ಹೆಸರಿನ, ಕೊನೆಗೆ ಡಾಟ್ ಮೆಟಾ ಎಂದಿರುವ ಒಂದು ಚೀಟಿ ಇಡುತ್ತದೆ. ಆ ಚೀಟಿಯಲ್ಲಿ ಯಾವ ಆಜ್ಞೆ ಓಡಿಸಿದೆ, ಯಾವ ಡೈರೆಕ್ಟರಿಯಲ್ಲಿ ನಿಂತು ಓಡಿಸಿದೆ, ಅದು ಏನು ಹೇಳಿತು ಎಲ್ಲ ಇರುತ್ತದೆ. ಇಷ್ಟೇ ಆಗಿದ್ದರೆ ವಿಶೇಷವಿರಲಿಲ್ಲ. ಇದರ ಜೊತೆಗೆ ಫೈಲ್‌ಮಾನ್ ಎಂಬ ಕರ್ನಲ್ ಮಾಡ್ಯೂಲ್ ಇದೆ. ಕಂಪೈಲರ್ ಓಡುವಾಗ ಅದು ಪಕ್ಕದಲ್ಲೇ ಕೂತು, ಯಾವ ಯಾವ ಫೈಲ್ ತೆರೆದು ಓದಿತು, ಯಾವುದಕ್ಕೆ ಬರೆಯಿತು, ಯಾವ ಪ್ರೋಗ್ರಾಮ್ ಓಡಿಸಿತು ಎಂದು ಗುರುತು ಹಾಕಿಕೊಳ್ಳುತ್ತದೆ. ಓದಿದ್ದಕ್ಕೆ ಆರ್, ಬರೆದದ್ದಕ್ಕೆ ಡಬ್ಲ್ಯೂ, ಓಡಿಸಿದ್ದಕ್ಕೆ ಇ. ಒಂದು ಚೀಟಿ ತೆರೆದು ಓದಿ ನೋಡಿ, ಮಂಡಿಯ ರೈಟರ್ ಬರೆದ ರೋಜು ಕಿರ್ದಿಯ ಹಾಗಿರುತ್ತದೆ. ಮುಂದಿನ ಸಲ ಮೇಕ್ ಬಂದಾಗ ನಾವು ಬರೆದುಕೊಟ್ಟ ಅವಲಂಬನೆಯೊಂದನ್ನೇ ನಂಬಿ ಕೂರುವುದಿಲ್ಲ, ಕಣ್ಣಾರೆ ಕಂಡದ್ದನ್ನೂ ನೋಡುತ್ತದೆ. ಓದಿದ ಫೈಲ್‌ಗಳಲ್ಲಿ ಒಂದು ಹೊಸದಾಗಿದೆಯಾ? ಯಾವುದಾದರೂ ಕಾಣೆಯಾಗಿದೆಯಾ? ಆಜ್ಞೆ ಬದಲಾಗಿದೆಯಾ? ಚೀಟಿಯೇ ಇಲ್ಲವಾ? ಹೌದಾದರೆ ಮತ್ತೆ ಕಟ್ಟು, ಇಲ್ಲವಾದರೆ ಮುಂದೆ ಹೋಗು.

ಇದರ ಬೇರು ಜುನಿಪರ್ ನೆಟ್‌ವರ್ಕ್ಸ್‌ನಲ್ಲಿದೆ. ಬೆಂಗಳೂರಿನಲ್ಲೂ ದೊಡ್ಡ ಆಫೀಸ್ ಇದ್ದ ಅದೇ ಕಂಪನಿ, 2025ರಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಎಂಟರ್‌ಪ್ರೈಸ್ ಅದನ್ನು ಕೊಂಡಿತು. ಅವರ ರೌಟರ್‌ಗಳನ್ನು ನಡೆಸುವ ಜುನೋಸ್ ಫ್ರೀಬಿಎಸ್‌ಡಿ ಮೇಲೆ ನಿಂತದ್ದು. ಬಿಮೇಕ್, ಅಂದರೆ ಬಿಎಸ್‌ಡಿಗಳ ಮೇಕ್, ನೋಡಿಕೊಳ್ಳುವ ಸೈಮನ್ ಗೆರಾಟಿ ಅಲ್ಲಿ ಕೆಲಸ ಮಾಡಿದವರೇ. ಒಂದು ಇಡೀ ಕಂಪನಿಯ ಇಂಜಿನಿಯರ್‌ಗಳು ದಿನಾ ಕಾಯುವ ಸಂಕಟದಲ್ಲಿ ಹುಟ್ಟಿದ್ದರಿಂದಲೋ ಏನೋ, ಇದರಲ್ಲಿ ತೋರಿಕೆಯ ಕೆಲಸ ಕಡಿಮೆ.

ಹಾಕಿಕೊಳ್ಳುವುದು ಸುಲಭ, ಆದರೆ ಮೊದಲ ದಿನ ಎಲ್ಲರೂ ಎಡವುವ ಕಲ್ಲು ಒಂದಿದೆ. ವಿತ್ ಮೆಟಾ ಮೋಡ್ ಎಂಬ ಸಾಲನ್ನು ಇಟಿಸಿ ಒಳಗಿನ ಎಸ್‌ಆರ್‌ಸಿ-ಎನ್ವಿ ಡಾಟ್ ಕಾನ್ಫ್‌ನಲ್ಲಿ ಹಾಕಬೇಕು. ಬೇರೆಲ್ಲ ಆಯ್ಕೆ ಹಾಕುವ ಎಸ್‌ಆರ್‌ಸಿ ಡಾಟ್ ಕಾನ್ಫ್‌ನಲ್ಲಿ ಅಲ್ಲ. ಹೆಸರು ಹೆಚ್ಚುಕಮ್ಮಿ ಒಂದೇ ಥರ, ಕಣ್ಣು ತಪ್ಪುತ್ತದೆ. ತಪ್ಪಿ ಅಲ್ಲಿ ಹಾಕಿದರೆ ಒಪ್ಪುವುದಿಲ್ಲ, ಬೈದು ನಿಲ್ಲಿಸುತ್ತದೆ. ಆಮೇಲೆ ಫೈಲ್‌ಮಾನ್ ಮಾಡ್ಯೂಲ್ ಲೋಡ್ ಆಗಿರಬೇಕು. ಇಲ್ಲದಿದ್ದರೆ ಅದಕ್ಕೂ ಬೈಗುಳ ಇದೆ. ಆರ್‌ಸಿ ಡಾಟ್ ಕಾನ್ಫ್‌ನ ಕೆಎಲ್‌ಡಿ ಲಿಸ್ಟ್‌ನಲ್ಲಿ ಸೇರಿಸಿಬಿಟ್ಟರೆ ಪ್ರತಿ ಬೂಟ್‌ಗೂ ತಾನೇ ಬರುತ್ತದೆ. ನಾನು ಮೊದಲ ಸಲ ಸೋಮಾರಿತನ ಮಾಡಿ, ಅದು ಹೇಳಿಕೊಟ್ಟ ಅಡ್ಡದಾರಿ ಹಿಡಿದು, ಫೈಲ್‌ಮಾನ್ ಇಲ್ಲದೆಯೇ ಕಟ್ಟಿದೆ. ಮರುದಿನ ಬುದ್ಧಿ ಬಂದು ಮಾಡ್ಯೂಲ್ ಲೋಡ್ ಮಾಡಿದೆ. "ಚೀಟಿಯಲ್ಲಿ ಫೈಲ್‌ಮಾನ್ ಲೆಕ್ಕ ಇಲ್ಲ" ಎಂದು ಅದು ಮತ್ತೆ ಎಲ್ಲವನ್ನೂ ಮೊದಲಿಂದ ಕಟ್ಟಿತು. ಇನ್ನೊಂದು ಐದೂವರೆ ಗಂಟೆ. ಅದರ ತಪ್ಪಲ್ಲ, ಕೈಪಿಡಿಯಲ್ಲಿ ಹಾಗೇ ಬರೆದಿದ್ದರು.

ನನಗೆ ಇದರಲ್ಲಿ ಬಹಳ ಇಷ್ಟವಾದದ್ದು ವೇಗ ಅಲ್ಲ. ಕೇಳಿದರೆ ಕಾರಣ ಹೇಳುತ್ತದೆ, ಅದು. ಮೇಕ್‌ಗೆ ಡ್ಯಾಶ್ ಡಿ ಎಂ ಎಂದು ಕೊಟ್ಟರೆ, "ಇದನ್ನು ಯಾಕೆ ಮತ್ತೆ ಕಟ್ಟುತ್ತಿದ್ದೇನೆಂದರೆ, ಇಂಥ ಚೀಟಿಯ ಇಷ್ಟನೇ ಸಾಲಿನಲ್ಲಿರುವ ಇಂಥ ಫೈಲ್ ಹೊಸದಾಗಿದೆ" ಎಂದು ಒಪ್ಪಿಸುತ್ತದೆ. ಒಮ್ಮೆ ತಕ್ಕಡಿಯ ಆ ಒಂದು ಸಾಲು ಸೇರಿಸಿದಾಗ ಬರೀ ಒಂದು ಡ್ರೈವರ್ ಕಟ್ಟುತ್ತದೆ ಅಂದುಕೊಂಡಿದ್ದೆ. ನೋಡಿದರೆ ಯುಎಸ್‌ಬಿಗೆ ಸೇರಿದ ಡ್ರೈವರ್‌ಗಳೆಲ್ಲ ಸಾಲಾಗಿ ಹೊರಟವು. ಸಿಟ್ಟು ಬಂತು. ಕಾರಣ ಕೇಳಿದೆ. ನಾನು ತಿದ್ದಿದ ಪಟ್ಟಿಯಿಂದ ಒಂದು ಹೆಡರ್ ಫೈಲ್ ತಯಾರಾಗುತ್ತದೆ, ಆ ಹೆಡರನ್ನು ಅವೆಲ್ಲ ಓದಿಕೊಳ್ಳುತ್ತವೆ. ಹೆಡರ್ ಹೊಸದಾದರೆ ಓದಿದವರೆಲ್ಲ ಹೊಸದಾಗಬೇಕು. ಸರಿಯೇ. ಹತ್ತು ವರ್ಷ ಇದೇ ಸೋರ್ಸ್ ಜೊತೆ ಇದ್ದೂ ನನಗೆ ಆ ಸಂಬಂಧ ಗೊತ್ತಿರಲಿಲ್ಲ.

ಹೀಗೆ ನೋಡುತ್ತ ಹೋದರೆ ಮಾಡಿನ ರೀಪು ಯಾವುದು, ಹಂಚು ಯಾವುದು ತಿಳಿಯುತ್ತದೆ. ಯಾವುದೋ ಮೂಲೆಯ ಒಂದು ಆಜ್ಞೆಯ ಫೈಲ್ ಬದಲಾದರೆ ಹಂಚು, ಅದೊಂದೇ ಬದಲಾಗುತ್ತದೆ. ಎಲ್ಲರೂ ಬಳಸುವ ಲೈಬ್ರರಿಯಾದ ಲಿಬ್‌ಸಿಯಲ್ಲಿ ಕೈ ಹಾಕಿದರೆ, ಅದನ್ನು ಲಿಂಕ್ ಮಾಡಿಕೊಂಡ (ಜೋಡಿಸಿಕೊಂಡ) ಪ್ರೋಗ್ರಾಮ್‌ಗಳೆಲ್ಲ ಮತ್ತೆ ಲಿಂಕ್ ಆಗುತ್ತವೆ. ಕಂಪೈಲ್ ಇಲ್ಲ, ಆದರೂ ನನ್ನ ಯಂತ್ರದಲ್ಲಿ ಮುಕ್ಕಾಲು ಗಂಟೆ. ಇನ್ನು ಪ್ಯಾರಮ್ ಡಾಟ್ ಹೆಚ್ ಇದೆಯಲ್ಲ, ಅದು ರೀಪಲ್ಲ, ತೊಲೆಯೇ. ಅದರಲ್ಲಿ ಸಿಸ್ಟಮ್ಮಿನ ಆವೃತ್ತಿಯ ಅಂಕಿ ಇರುತ್ತದೆ. ಡೆವಲಪರ್‌ಗಳು ಆಗಾಗ ಅದನ್ನು ಒಂದು ಏರಿಸುತ್ತಾರೆ. ಒಂದೇ ಅಂಕಿ. ಆದರೆ ಆ ಹೆಡರನ್ನು ಓದದ ಫೈಲ್ ಕಡಿಮೆ, ಹಾಗಾಗಿ ಆ ದಿನ ಬಹುಪಾಲು ಮಾಡು ಇಳಿಯುತ್ತದೆ. ಗಿಟ್ ಪುಲ್ ಮಾಡಿ ಹೊಸ ಸೋರ್ಸ್ ಇಳಿಸಿಕೊಂಡ ತಕ್ಷಣ ನಾನು ಮೊದಲು ನೋಡುವುದು ಆ ಫೈಲ್ ಬದಲಾಗಿದೆಯಾ ಎಂದು. ಬದಲಾಗಿದ್ದರೆ ಕೆಲಸ ರಾತ್ರಿಗೆ ಮುಂದೂಡುತ್ತೇನೆ.

ಮಳೆಗಾಲದ ಲಾಭ ಬೇರೆಯೇ. ಕರೆಂಟ್ ಹೋಗಿ, ಲ್ಯಾಪ್‌ಟಾಪ್‌ನ ಬ್ಯಾಟರಿಯೂ ಸತ್ತು ಕೆಲಸ ನಿಂತರೆ, ಬಂದ ಮೇಲೆ ಅದೇ ಆಜ್ಞೆ ಮತ್ತೆ ಕೊಡುವುದು. ಆಗಿರುವುದನ್ನು ಬಿಟ್ಟು ಮುಂದಿನದಕ್ಕೆ ಕೈ ಹಾಕುತ್ತದೆ. ಮೊದಲು ಇದೇ ಕಾರಣಕ್ಕೆ ನಾನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಪ್‌ಡೇಟ್‌ಗೇ ಹೋಗುತ್ತಿರಲಿಲ್ಲ.

ಈಗ ಮರ್ಯಾದೆ ಹೋದ ಕಥೆ.

ಕಳೆದ ವರ್ಷ ಜುಲೈ. ನಾಲ್ಕು ದಿನ ಬಿಡದೆ ಮಳೆ, ಬ್ರಾಡ್‌ಬ್ಯಾಂಡ್ ಸತ್ತಿತ್ತು. ಒಂದು ಭದ್ರತಾ ಪ್ಯಾಚ್ ಬಂದಿದೆ ಎಂದು ಗೊತ್ತಾಯಿತು. ಗುಡ್ಡದ ಮೇಲೆ ನಿಂತರೆ ಮೊಬೈಲ್‌ಗೆ ಸಿಗ್ನಲ್ ಸಿಗುತ್ತದೆ, ಅಲ್ಲಿ ಪ್ಯಾಚ್ ಇಳಿಸಿಕೊಂಡು, ಪೆನ್ ಡ್ರೈವ್‌ಗೆ ಹಾಕಿ, ಥಿಂಕ್‌ಪ್ಯಾಡ್‌ನ ಸೋರ್ಸ್‌ಗೆ ಹಚ್ಚಿದೆ. ಮೇಕ್ ಕೊಟ್ಟೆ. ಹನ್ನೆರಡು ನಿಮಿಷದಲ್ಲಿ ಮುಗಿಯಿತು. ಎಂದಿನಂತೆ ಬೂಟ್ ಎನ್ವಿರಾನ್‌ಮೆಂಟ್ (ಕೆಟ್ಟರೆ ಹಿಂದಿರುಗಲು ಈಗಿನ ಸಿಸ್ಟಮ್ಮಿನ ಪ್ರತಿ) ಒಂದು ಮಾಡಿಟ್ಟು, ಇನ್‌ಸ್ಟಾಲ್ ಮಾಡಿದೆ. ಮಳೆ ಬಿಟ್ಟ ಮೇಲೆ ಮಂಡಿಗೆ ಹೋಗಿ, ಎನ್‌ಎಫ್‌ಎಸ್ (ನೆಟ್‌ವರ್ಕ್‌ನಲ್ಲಿ ಫೈಲ್ ಹಂಚಿಕೊಳ್ಳುವ ವ್ಯವಸ್ಥೆ) ಮೂಲಕ ಅಲ್ಲಿಗೂ ಇನ್‌ಸ್ಟಾಲ್ ಮಾಡಿ, "ಆಯ್ತು ಸಾಹುಕಾರ್ರೇ, ಇನ್ನು ಚಿಂತೆ ಇಲ್ಲ" ಎಂದು ಹೇಳಿ ಬಂದೆ. ಎರಡು ದಿನ ಬಿಟ್ಟು ಬೇರೇನೋ ಹುಡುಕುವಾಗ ಆ ಪ್ರೋಗ್ರಾಮ್‌ನ ಆಬ್ಜೆಕ್ಟ್ ಫೈಲ್ ಕಣ್ಣಿಗೆ ಬಿತ್ತು. ತಾರೀಖು ಮೇ ತಿಂಗಳದ್ದು. ಅಂದರೆ ಪ್ಯಾಚ್ ಹಚ್ಚಿದ ಫೈಲ್ ಕಂಪೈಲೇ ಆಗಿಲ್ಲ.

ಕಾರಣ ಒಂದು ನಾಣ್ಯದಷ್ಟು ದೊಡ್ಡದು. ಲ್ಯಾಪ್‌ಟಾಪ್ ಒಳಗೆ ಗಡಿಯಾರ ನಡೆಸುವ ಸಿಮಾಸ್ ಬ್ಯಾಟರಿ ಸತ್ತಿತ್ತು. ಕರೆಂಟ್, ಬ್ಯಾಟರಿ ಎರಡೂ ಹೋಗಿ ಮತ್ತೆ ಬೂಟ್ ಆದಾಗ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗಿತ್ತು. ಇಂಟರ್‌ನೆಟ್ ಇಲ್ಲ, ಹಾಗಾಗಿ ಸಮಯ ತಿದ್ದಿಕೊಳ್ಳುವ ದಾರಿಯೂ ಇಲ್ಲ. ಪ್ಯಾಚ್ ಹಚ್ಚಿದ ಫೈಲ್‌ಗೆ ಆ ಹಳೇ ತಾರೀಖೇ ಬಿತ್ತು. ಮೆಟಾ ಮೋಡ್ ನೋಡಿತು, "ಸೋರ್ಸ್ ಬಹಳ ಹಳೆಯದು, ಆಬ್ಜೆಕ್ಟ್ ಅದಕ್ಕಿಂತ ಹೊಸದು, ಮಾಡಲು ಏನೂ ಇಲ್ಲ" ಎಂದು ಮುಂದೆ ಹೋಯಿತು. ಅಷ್ಟೆಲ್ಲ ಬರೆದುಕೊಳ್ಳುವ ಈ ರೈಟರ್ ಫೈಲ್‌ನ ಒಳಗೆ ಏನಿದೆ ಎಂದು ನೋಡುವುದಿಲ್ಲ, ತಾರೀಖು ಮಾತ್ರ ನೋಡುತ್ತಾನೆ. ಫೆಲ್ಡ್‌ಮನ್ ಸಹೋದ್ಯೋಗಿ ಕಳೆದ ಬೆಳಗು ನನ್ನ ಪಾಲಿಗೂ ಬಂತು, ಮೇಕ್ ಇದ್ದೂ. ಗಡಿಯಾರ ಸರಿಮಾಡಿ, ಪ್ಯಾಚ್ ಹಚ್ಚಿದ ಆ ಫೈಲ್‌ಗೆ ಟಚ್ (ತಾರೀಖನ್ನು ಈಗಿನದ್ದು ಮಾಡುವ ಆಜ್ಞೆ) ಕೊಟ್ಟಿದ್ದರೆ ಸಾಕಿತ್ತು. ನಂಬಿಕೆ ಹೋಗಿದ್ದರಿಂದ ಆಬ್ಜ್ ಪೂರ್ತಿ ಅಳಿಸಿ, ಒಂದು ರಾತ್ರಿ ಮತ್ತೆ ಮಿಕ್ಸಿ ಓಡಿಸಿದೆ. ಮರುದಿನ ಮಂಡಿಗೆ ಹೋಗಿ ಸಾಹುಕಾರರಿಗೆ ಏನು ಹೇಳಿದೆ ಎಂದು ಇಲ್ಲಿ ಬರೆಯುವುದಿಲ್ಲ.

ಇಲ್ಲೇ ಸಿಸಿಕ್ಯಾಶ್ ಬಗ್ಗೆ ಒಂದು ಮಾತು, ಯಾಕೆಂದರೆ ಎಲ್ಲರೂ ಕೇಳುತ್ತಾರೆ. ಫೈಲ್ ಹಂಚಿಕೆಯ ಸಾಂಬಾ ಪ್ರೋಗ್ರಾಮ್ ಬರೆದ ಆಂಡ್ರ್ಯೂ ಟ್ರಿಡ್ಜೆಲ್ ಶುರು ಮಾಡಿದ್ದು ಅದು. ಅದು ತಾರೀಖನ್ನು ನಂಬುವುದಿಲ್ಲ. ಸೋರ್ಸ್‌ನ ಒಳಗಿರುವುದರ ಮೇಲೆ ಹ್ಯಾಶ್ (ಬೆರಳಚ್ಚಿನಂಥ ಗುರುತು) ತೆಗೆದು, ಹಿಂದೆ ಇದೇ ಬಂದಿತ್ತಾ ಎಂದು ನೋಡಿ, ಬಂದಿದ್ದರೆ ಹಳೇ ಫಲಿತಾಂಶ ಕೊಡುತ್ತದೆ. ಹಾಗೆಂದು ಅದು ನನ್ನ ಜುಲೈ ಪ್ರಸಂಗ ತಪ್ಪಿಸುತ್ತಿರಲಿಲ್ಲ. ಮೇಕ್ "ಕಟ್ಟು" ಎಂದರೆ ತಾನೇ ಅದರ ಸರದಿ ಬರುವುದು? ಲಿಂಕ್ ಮಾಡುವ ಸಮಯವನ್ನೂ ಅದು ಉಳಿಸುವುದಿಲ್ಲ. ಆದರೆ ಗಿಟ್‌ನಲ್ಲಿ ಒಂದು ಬ್ರಾಂಚ್‌ನಿಂದ ಇನ್ನೊಂದಕ್ಕೆ ಹೋಗಿ ಬರುವವರಿಗೆ ಅದು ಬೇಕೇ ಬೇಕು. ಹೋಗಿ ಬಂದರೆ ಫೈಲ್‌ನ ಒಳಗಿರುವುದು ಅದೇ, ತಾರೀಖು ಮಾತ್ರ ಹೊಸದು. ಮೆಟಾ ಮೋಡ್ ಪಾಪ ಅಂಥದ್ದನ್ನೆಲ್ಲ ಮತ್ತೆ ಕಟ್ಟಲು ಹೊರಡುತ್ತದೆ. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಬಹುದು, ಜಗಳವಿಲ್ಲ. ನಾನು ಒಂದೇ ಬ್ರಾಂಚ್‌ನಲ್ಲಿ ಇರುವವನು, ಸ್ವಲ್ಪ ದಿನ ಇಟ್ಟು ತೆಗೆದುಬಿಟ್ಟೆ. ಡಿಸ್ಕ್ ಸಾಲುತ್ತಿರಲಿಲ್ಲ.

ಡಿಸ್ಕ್ ಮಾತು ಬಂತಲ್ಲ, ಇದರ ನಿಜವಾದ ಬೆಲೆ ಅದೇ. ಆಬ್ಜ್ ಡೈರೆಕ್ಟರಿಯನ್ನು ಅಳಿಸುವ ಹಾಗಿಲ್ಲ, ಇಟ್ಟುಕೊಂಡೇ ಇರಬೇಕು. ನನ್ನಲ್ಲಿ ಅದು ಹತ್ತು ಜಿಬಿಗೂ ಮೇಲೆ. 240 ಜಿಬಿ ಎಸ್‌ಎಸ್‌ಡಿಯಲ್ಲಿ ಅದು ಕಣ್ಣಿಗೆ ಚುಚ್ಚುತ್ತದೆ. ಇನ್ನೊಂದು ಕೊರತೆ, ಇನ್‌ಸ್ಟಾಲ್‌ವರ್ಲ್ಡ್ ಇದರ ಬುದ್ಧಿ ಕಲಿತಿಲ್ಲ. ಕಟ್ಟಿದ್ದು ಒಂದೇ ಹಂಚಾದರೂ ಇನ್‌ಸ್ಟಾಲ್ ಮಾಡುವಾಗ ಇಡೀ ಮಾಡಿನ ಮೇಲೆ ನಡೆದೇ ಬರುತ್ತದೆ. ಮಂಡಿಯ ನಿಧಾನ ನೆಟ್‌ವರ್ಕ್‌ನಲ್ಲಿ ಅದಕ್ಕೇ ಅರ್ಧ ಗಂಟೆ.

ಇನ್ನೊಂದು, ಇದು ಕೆಲವರಿಗೆ ಇಷ್ಟವಾಗಲಿಕ್ಕಿಲ್ಲ. ಹಳೇ ಬಿಲ್ಡ್‌ನಲ್ಲಿ ಪರದೆಯ ಮೇಲೆ ಉದ್ದುದ್ದ ಆಜ್ಞೆಗಳು ಜಲಪಾತದ ಹಾಗೆ ಸುರಿಯುತ್ತಿದ್ದವು. ಇಲ್ಲಿ ಬರೀ "ಬಿಲ್ಡಿಂಗ್" ಎಂದು ಫೈಲ್‌ನ ಹೆಸರು ಬರುತ್ತದೆ, ಅಷ್ಟೇ. ತಪ್ಪಾದರೆ ಮಾತ್ರ ವಿವರ. ನನಗೆ ಇದೇ ಹಿತ. ಜೋಗಕ್ಕೆ ಇಲ್ಲಿಂದ ಮೂವತ್ತು ಕಿಲೋಮೀಟರ್, ಜಲಪಾತ ನೋಡಬೇಕಾದರೆ ಅಲ್ಲಿಗೇ ಹೋಗುತ್ತೇನೆ.

ಯಾರು ಹಾಕಿಕೊಳ್ಳಬೇಕು? ತಿಂಗಳಿಗೆ ಎರಡು ಸಲವಾದರೂ ಸೋರ್ಸ್‌ನಿಂದ ಕಟ್ಟುವವರು, ಕರ್ನಲ್‌ನಲ್ಲಿ ಕೈಯಾಡಿಸುವವರು, ಹಳೇ ಯಂತ್ರ ಇರುವವರು ಕಣ್ಣು ಮುಚ್ಚಿ ಹಾಕಿಕೊಳ್ಳಿ. ವರ್ಷಕ್ಕೊಮ್ಮೆ ಕಟ್ಟುವವರಿಗೆ ಲಾಭವಿಲ್ಲ. ಅಷ್ಟರಲ್ಲಿ ಕ್ಲಾಂಗ್‌ನ ಹೊಸ ಆವೃತ್ತಿಯೇ ಬಂದಿರುತ್ತದೆ, ಹೇಗೂ ಎಲ್ಲ ಮೊದಲಿಂದಲೇ. ಐದಕ್ಕೆ ನಾಲ್ಕು ನಕ್ಷತ್ರ ಕೊಡುತ್ತೇನೆ. ಕಳೆದ ಒಂದು ನಕ್ಷತ್ರ ಜುಲೈನದ್ದು. ತಪ್ಪು ನನ್ನ ಬ್ಯಾಟರಿಯದ್ದೇ, ಒಪ್ಪುತ್ತೇನೆ. ಆದರೆ ಸೋರ್ಸ್ ಫೈಲ್‌ನ ತಾರೀಖು ಇದ್ದಕ್ಕಿದ್ದಂತೆ ಹತ್ತು ವರ್ಷ ಹಿಂದಕ್ಕೆ ಹೋದರೆ, ಅಷ್ಟೆಲ್ಲ ಬರೆದುಕೊಳ್ಳುವವನು "ಇದೇನಿದು" ಎಂದು ಒಮ್ಮೆ ಹುಬ್ಬೇರಿಸಬಹುದಿತ್ತು.

ಈಗ ಸಿಮಾಸ್ ಬ್ಯಾಟರಿ ಹೊಸದು. ಬಿಲ್ಡ್ ಸ್ಕ್ರಿಪ್ಟ್‌ನ ಮೊದಲ ಸಾಲು ತಾರೀಖು ತೋರಿಸುತ್ತದೆ, ನಾನು ವೈ ಒತ್ತಿದರೆ ಮಾತ್ರ ಮುಂದೆ. ಕೊನೆಯ ಸಾಲು ಎಷ್ಟು ಫೈಲ್ ಕಟ್ಟಿತು ಎಂದು ಎಣಿಸಿ ಹೇಳುತ್ತದೆ, ಸೊನ್ನೆ ಬಂದರೆ ಇನ್‌ಸ್ಟಾಲ್ ಇಲ್ಲ. ನಿನ್ನೆ ಸಂಜೆ ಹದಿನಾಲ್ಕು ನಿಮಿಷದಲ್ಲಿ ಫ್ಯಾನ್ ತಣ್ಣಗಾದಾಗ ಅಮ್ಮ ಅಡುಗೆಮನೆಯಿಂದ ಇಣುಕಿದಳು.

"ಇಷ್ಟು ಬೇಗ ಆಯ್ತಾ? ಸರಿಯಾಗಿ ಅರೀತೋ ಇಲ್ವೋ, ಮುಚ್ಚಳ ತೆಗೆದು ನೋಡು."